ಆಫೀಸಿನ ಡಬ್ಬಿಗೆ ಹುಳಿಯಾಗದ ಮೊಸರನ್ನ

ಬೆಳಿಗ್ಗೆ 7.30ಕ್ಕೆ ಬರೀ ಮೊಸರು ಕಲಸಿ ಡಬ್ಬಿಗೆ ಹಾಕಿದರೆ ಬಸ್ಸು, ಮೆಟ್ರೊ ದಾಟಿ ಮಧ್ಯಾಹ್ನ 1 ಗಂಟೆಗೆ ತೆರೆಯುವಷ್ಟರಲ್ಲಿ ಹುಳಿ ಬಂದಿರುತ್ತದೆ. ಹಾಲು ಹೆಚ್ಚು, ಮೊಸರು ಕಡಿಮೆ ಇರಬೇಕು. ದಾರಿಯಲ್ಲೇ ಹೆಪ್ಪಾಗಿ, ಊಟದ ಹೊತ್ತಿಗೆ ಹದವಾಗಿ ಸಿಹಿಯಾಗಿರುತ್ತದೆ.

ಇಬ್ಬರಿಗೆ ಅರ್ಧ ಲೋಟ ಅಕ್ಕಿ, 2 ಲೋಟ ನೀರು. ಕುಕ್ಕರ್ 4 ಸಲ ಕೂಗಲಿ. ಅನ್ನ ಬಿಸಿಯಿರುವಾಗಲೇ ಸೌಟಿನಿಂದ ಚೆನ್ನಾಗಿ ಮಸೆಯಿರಿ. ಆರಿದ ಮೇಲೆ ಮಸೆದರೆ ಗಂಟುಗಂಟಾಗುತ್ತದೆ. ಕಾಸಿದ ಹಾಲು ಒಂದು ಲೋಟ ಬೆರೆಸಿ. ಬೆರಳಿಟ್ಟರೆ ಉಗುರುಬೆಚ್ಚಗಿದ್ದಾಗ ಮಾತ್ರ 2 ಚಮಚ ಮೊಸರು, ಉಪ್ಪು. ಸುಡುವ ಅನ್ನಕ್ಕೆ ಮೊಸರು ಹಾಕಿದರೆ ಒಡೆಯುತ್ತದೆ, ಹೆಪ್ಪೂ ಆಗದು. ಏಪ್ರಿಲ್, ಮೇ ಸೆಕೆಗೆ ಒಂದೇ ಚಮಚ ಸಾಕು.

ಕಲಸಿದಾಗ ಪಾಯಸದಷ್ಟು ತೆಳ್ಳಗೆ ಕಾಣಬೇಕು. ಅನ್ನ ಹಾಲನ್ನು ಹೀರುತ್ತಲೇ ಇರುತ್ತದೆ, ಗಟ್ಟಿಯಾಗಿ ಕಲಸಿದ್ದು ಮಧ್ಯಾಹ್ನ ಮುದ್ದೆಯಾಗಿರುತ್ತದೆ. ಸಾಸಿವೆ, ಇಂಗು, ಕರಿಬೇವು, ಶುಂಠಿಯ ಒಗ್ಗರಣೆ ಆರಿದ ಮೇಲೆ ಸೇರಿಸಿ. ಸೌತೆಕಾಯಿ, ಈರುಳ್ಳಿ ನೀರು ಬಿಡುತ್ತವೆ, ಬೇರೆ ಡಬ್ಬಿ. ದಾಳಿಂಬೆ ಧಾರಾಳವಾಗಿ ಹಾಕಬಹುದು.

ಡಬ್ಬಿಯಲ್ಲಿ ಒಂದು ಬೆರಳು ಜಾಗ ಬಿಡಿ. ಮುಚ್ಚಳದ ರಬ್ಬರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ, ಒಳಗೆ ಉಳಿದ ಹಳೇ ಮೊಸರೇ ಹುಳಿವಾಸನೆಗೆ ಕಾರಣ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವ ನೂಕುನುಗ್ಗಲಲ್ಲಿ ಬ್ಯಾಗು ಎದೆಗೆ ಬರಲಿ, ಡಬ್ಬಿ ನೆಟ್ಟಗೆ ನಿಂತಿರಲಿ. ಮೈಕ್ರೊವೇವಿಗೆ ಇಡಲೇಬೇಡಿ. ಉಪ್ಪಿನಕಾಯಿ ತರುವುದನ್ನು ಪಕ್ಕದ ಸೀಟಿನ ಗೆಳತಿಗೆ ಒಪ್ಪಿಸಿ, ಅರ್ಧ ಅನ್ನ ಅವಳ ಪಾಲು.