ಕ್ವಿಕ್ ರಿಲೀಸ್‌ನಲ್ಲೇ ಚಕ್ರ ಕಚ್ಚಿ ನಿಂತಿತು: ಡಿಸ್ಕ್ ಬ್ರೇಕ್ ಜೊತೆ ನನ್ನ ಅನುಭವ

ಡಿಸ್ಕ್ ಬ್ರೇಕ್ ಬೇಕಾದ್ರೆ ಥ್ರೂ ಆಕ್ಸಲ್ (ಫೋರ್ಕಿನ ತೂತಿನೊಳಗೆ ಹಾದು ಕೂರೋ ದಪ್ಪ ಆಕ್ಸಲ್) ಫೋರ್ಕ್ ಹಾಕ್ಸು, ಇಲ್ಲಾಂದ್ರೆ ರಿಮ್ ಬ್ರೇಕಿಗೆ ವಾಪಸ್ ಹೋಗು. ನನ್ನ ಜೊತೆ ಸೈಕಲ್ ಹೊಡೆಯೋರೆಲ್ಲ ಹೇಳಿದ್ದು ಇಷ್ಟೇ. ನನ್ನದು ಹಳೇ ಸ್ಟೀಲ್ ಫೋರ್ಕು, ಲಿವರ್ ಮುಚ್ಚಿ ಬಿಗಿಮಾಡೋ ಕ್ವಿಕ್ ರಿಲೀಸ್, 9 ಮಿ.ಮೀ. ಆಕ್ಸಲ್, ಕೆಳಕ್ಕೆ ಬಾಯಿ ತೆರೆದ ಡ್ರಾಪ್‌ಔಟ್ (ಆಕ್ಸಲ್ ಕೂರೋ ಫೋರ್ಕಿನ ತುದಿಯ ಸೀಳು), 160 ಮಿ.ಮೀ. ರೋಟರ್ (ಬ್ರೇಕಿನ ಲೋಹದ ತಟ್ಟೆ). ಇದರಲ್ಲಿ ಚಕ್ರ ಅಲುಗದ ಹಾಗೆ ಕೂರಿಸೋಕಾಗಲ್ಲ ಅಂತ ಪಂದ್ಯ ಕಟ್ಟಿದವರೂ ಇದ್ದಾರೆ. ಈಗ ಹೆಚ್ಚುಕಮ್ಮಿ ಎರಡು ವರ್ಷ ಆಗ್ತಾ ಬಂತು. ಇಳಿಜಾರು, ಮಳೆ, ಲಗೇಜು ಎಲ್ಲ ನೋಡಿದ ಮೇಲೂ ನಟ್ಟಿನಿಂದ ಡ್ರಾಪ್‌ಔಟ್‌ವರೆಗೆ ಎಳೆದ ಬಿಳಿ ಗೆರೆ ಕೂದಲೆಳೆಯಷ್ಟೂ ಸರಿದಿಲ್ಲ. ಅದಕ್ಕೇ ಬರೀತಿದ್ದೀನಿ.

ಥಿಯರಿ ಉದ್ದಕ್ಕೆ ಹೇಳಲ್ಲ. ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನ ಹಿಡಿದಿರೋ ಭಾಗ) ಫೋರ್ಕಿನ ಎಡಗಾಲ ಹಿಂದೆ ಕೂತಿರೋದ್ರಿಂದ ಬ್ರೇಕ್ ಹಿಡಿದಾಗ ಪ್ಯಾಡು ರೋಟರನ್ನ ಕೆಳಕ್ಕೆ ಒತ್ತುತ್ತೆ, ಅಂದ್ರೆ ಆಕ್ಸಲ್ಲನ್ನ ಬಾಯಿಯಿಂದ ಹೊರಗೆ ದಬ್ಬುತ್ತೆ. ಜೇಮ್ಸ್ ಆನನ್ ಅನ್ನೋ ವಿಜ್ಞಾನಿ 2003ರಲ್ಲಿ ಇದನ್ನ ಎತ್ತಿ ಹೇಳಿದಾಗಿನಿಂದ ಜಗಳ ನಡೀತಾನೇ ಇದೆ. ನನ್ನ ಲೆಕ್ಕ ಒರಟು ಲೆಕ್ಕ: ನಾನು, ಸೈಕಲ್ಲು, ಚೀಲ ಸೇರಿ 90 ಕೆಜಿ. ಜೋರಾಗಿ ಹಿಡಿದಾಗ ಟೈರಿನ ಹತ್ತಿರ 50 ಕೆಜಿಯಷ್ಟು ಎಳೆತ ಅಂತಿಟ್ಟುಕೊಳ್ಳಿ. ಚಕ್ರದ ತ್ರಿಜ್ಯ 340 ಮಿ.ಮೀ., ರೋಟರಿನದು 80. ಪ್ಯಾಡಿನ ಹತ್ತಿರ ಅದೇ 50 ಕೆಜಿ 210 ದಾಟುತ್ತೆ. ಎಡಗಡೆಗೆ ಬರೋ ಭಾರ ಕಳೆದರೂ ಕೆಳಕ್ಕೆ 150ರ ಮೇಲೆ ಉಳಿಯುತ್ತೆ. ಅಷ್ಟನ್ನೂ ತಡೆದು ಹಿಡಿಯೋದು ಬರೀ ಘರ್ಷಣೆ. ಡ್ರಾಪ್‌ಔಟ್ ತುದಿಯ ತುಟಿಗಳು ಚಕ್ರ ಪೂರ್ತಿ ಕಳಚಿ ಬೀಳದ ಹಾಗೆ ನೋಡ್ಕೊಳ್ಳುತ್ವೆ, ಸರಿಯೋದನ್ನ ತಡೆಯಲ್ಲ.

ನನಗೆ ಇದರ ಸುಳಿವು ಸಿಕ್ಕಿದ್ದು ರೋಟರ್ ಉಜ್ಜೋ ಸದ್ದಿನಿಂದ. ಉದ್ದ ಇಳಿಜಾರು ಮುಗಿದ ತಕ್ಷಣ ಶಿಂಗ್ ಶಿಂಗ್. ಎಲ್ಲರೂ ಮಾಡೋದೇನು? ಕ್ಯಾಲಿಪರ್ ಬೋಲ್ಟ್ ಎರಡೂ ಸಡಿಲ ಮಾಡಿ, ಬ್ರೇಕ್ ಹಿಡಿದು, ಮತ್ತೆ ಬಿಗಿ ಮಾಡೋದು. ಮುಂದಿನ ಇಳಿಜಾರಲ್ಲಿ ಮತ್ತೆ ಅದೇ ಸದ್ದು. ಆದರೆ ಬೋಲ್ಟ್ ಮುಟ್ಟದೆ, ಬರೀ ಕ್ವಿಕ್ ರಿಲೀಸ್ ಲಿವರ್ ಬಿಚ್ಚಿ ಹ್ಯಾಂಡಲ್ ಮೇಲೆ ಭಾರ ಹಾಕಿ ಮತ್ತೆ ಮುಚ್ಚಿದರೂ ಸದ್ದು ಹೋಗ್ತಿತ್ತು. ಅಲ್ಲಿಗೆ ಗೊತ್ತಾಯ್ತಲ್ಲ, ಜರುಗ್ತಾ ಇರೋದು ಕ್ಯಾಲಿಪರ್ ಅಲ್ಲ, ಆಕ್ಸಲ್ಲು.

ಚಕ್ರ ತೆಗೆದು ಎಡ ಡ್ರಾಪ್‌ಔಟ್ ಒಳಮೈಗೆ ಟಾರ್ಚ್ ಹಿಡಿದೆ. ಹಬ್ (ಚಕ್ರದ ನಡುಭಾಗ) ತುದಿಯ ಲಾಕ್‌ನಟ್ಟಿನ ಹಲ್ಲು ಬಣ್ಣದ ಮೇಲೆ ಉಂಗುರದ ಹಾಗೆ ಅಚ್ಚೊತ್ತಿರಬೇಕಿತ್ತು. ಮೇಲರ್ಧದಲ್ಲಿ ಹಲ್ಲಿನ ಗುರುತು ಒಂದೊಂದೂ ಬಿಡಿಬಿಡಿಯಾಗಿ ಇತ್ತು. ಕೆಳಗರ್ಧದಲ್ಲಿ ಮಾತ್ರ ಒಂದೊಂದು ಹಲ್ಲೂ ಸಣ್ಣ ಬಾಲ ಎಳೆದಿತ್ತು, ಬಣ್ಣ ಪುಡಿಯಾಗಿ ಅಂಚಿನಲ್ಲಿ ಗುಡ್ಡೆ ಹಾಕಿತ್ತು. ಬಲಗಡೆ ಗುರುತು ದುಂಡಗೇ ಇತ್ತು. ಆ ಬಾಲದ ಫೋಟೋ ತೋರಿಸಿದ ಮೇಲೂ "ನೀನು ಸರಿಯಾಗಿ ಬಿಗಿ ಮಾಡಿಲ್ಲ" ಅಂದವರಿದ್ದಾರೆ.

ಇನ್ನು ದುಡ್ಡು ಸುರಿದ ಕಥೆ.

ಮೊದಲಿಗೆ ಇದ್ದದ್ದು ಹಗುರದ ಟೈಟಾನಿಯಂ ಸ್ಕ್ಯೂವರ್, ಅಂದ್ರೆ ಆಕ್ಸಲ್ ಒಳಗೆ ಹಾದು ಎರಡೂ ಕಡೆಯಿಂದ ಬಿಗಿ ಹಿಡಿಯೋ ಕ್ವಿಕ್ ರಿಲೀಸ್ ಸರಳು. ಹೊರಗೆ ಕಾಣೋ ಕ್ಯಾಮ್ (ಲಿವರ್ ತಿರುಗಿಸಿದಾಗ ಸರಳನ್ನ ಎಳೆಯೋ ಭಾಗ), ಅದರಡಿ ಪ್ಲಾಸ್ಟಿಕ್ ವಾಷರ್, ಅಲ್ಯೂಮಿನಿಯಂ ನಟ್ಟು, ನಟ್ಟಿನ ಮುಖವೋ ಕೆನ್ನೆಯಷ್ಟು ನುಣುಪು. ಇಪ್ಪತ್ತು ಮೂವತ್ತು ಗ್ರಾಂ ಉಳಿಸೋಕೆ ಜನ ಇದಕ್ಕೆ ಒಂದು ಒಳ್ಳೆ ಟೈರಿನ ದುಡ್ಡು ಕೊಡ್ತಾರೆ. ತೆಗೆದು ಅದೇ ನಮೂನೆಯದ್ದನ್ನ ಸ್ಟೀಲ್ ಸರಳಿನದ್ದು ತಂದೆ. ಸ್ವಲ್ಪ ವಾಸಿ ಆಯ್ತು, ಆದರೆ ಸದ್ದು ನಿಲ್ಲಲಿಲ್ಲ.

ಆಮೇಲೆ ಒಬ್ಬರ ಮಾತು ಕೇಳಿ ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರ ಇರೋದು), ಅದಾದ ಮೇಲೆ ನೀಲಿ ಥ್ರೆಡ್‌ಲಾಕರ್ ಅಂಟು. ಅಡ್ಡಡ್ಡ ಅಲುಗಾಟ ಬಿದ್ದರೆ ಬಿಗಿಯಾದ ನಟ್ಟೂ ತಾನಾಗೇ ಬಿಚ್ಚಿಕೊಳ್ಳುತ್ತೆ ಅಂತ ಜರ್ಮನಿಯ ಎಂಜಿನಿಯರ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟಿದ್ದಾನೆ. ಹಾಗಾಗಿ ನಟ್ಟು ತಿರುಗದ ಹಾಗೆ ಮಾಡೋದ್ರಲ್ಲಿ ತಪ್ಪೇನಿಲ್ಲ. ತಿರುಗೋದೂ ನಿಂತಿತು. ಸರಿಯೋದು ನಿಲ್ಲಲಿಲ್ಲ. ಅಲುಗಾಟವನ್ನೇ ಕೊಲ್ಲಬೇಕು, ನಟ್ಟನ್ನ ಕಟ್ಟಿಹಾಕಿ ಪ್ರಯೋಜನ ಇಲ್ಲ.

ಕಾರ್ಬನ್ ಸೀಟ್‌ಪೋಸ್ಟಿಗೆ ಹಚ್ಚೋ ಮರಳು ಮರಳಾದ ಪೇಸ್ಟ್ ಹಚ್ಚಿದೆ. ಕೆಲವು ವಾರ ಅದ್ಭುತ, ಆಮೇಲೆ ಬಣ್ಣವನ್ನೆಲ್ಲ ತಿಂದುಹಾಕಿ ಮೊದಲಿಗಿಂತ ಕೆಟ್ಟಿತು. (ಆಗ ನನಗೆ ಸಿಟ್ಟು ಬಂದಿದ್ದರೂ ಮುಂದಿನ ದಾರಿ ತೋರಿಸಿದ್ದು ಇದೇ.) ಎಮರಿ ಪೇಪರನ್ನ ಉಂಗುರದಂತೆ ಕತ್ತರಿಸಿ ನಡುವೆ ಇಟ್ಟು ನೋಡಿದೆ, ಒಂದೇ ರೈಡಿಗೆ ಹಿಟ್ಟಾಯ್ತು. ಐದರ ಅಲೆನ್ ಕೀ ಹಾಕಿ ತಿರುಗಿಸೋ ಬೋಲ್ಟ್ ಸ್ಕ್ಯೂವರ್ ಗಟ್ಟಿಯಾಗೇ ಹಿಡಿದಿತ್ತು. ಆದರೆ ನನ್ನದು ಕಪ್-ಕೋನ್ ಹಬ್, ಕೋನ್ ತಿರುಗಿಸಿ ಬೇರಿಂಗಿನ ಬಿಗಿ ಹೊಂದಿಸೋ ಥರದ್ದು. ಅಷ್ಟು ಒತ್ತಡಕ್ಕೆ ಆಕ್ಸಲ್ ಕುಗ್ಗಿ ಬೇರಿಂಗ್ ಬಿಗಿಯಾಗಿ ಚಕ್ರ ಗರಗರ ಅನ್ನೋಕೆ ಶುರುವಾಯ್ತು. ಕೋನ್ ಬದಲಾಯಿಸೋ ಖರ್ಚು ಅದರ ಮೇಲೆ. ಡಿಟಿ ಸ್ವಿಸ್‌ನ ಆರ್‌ಡಬ್ಲ್ಯುಎಸ್ ಥರದ, ಕ್ಯಾಮ್ ಇಲ್ಲದೆ ತಿರುಪಿ ಬಿಗಿಮಾಡೋ ಸ್ಕ್ಯೂವರ್ ಒಳ್ಳೆ ವಸ್ತು, ಗೆಳೆಯನದ್ದು ಹಾಕಿ ನೋಡಿದ್ದೀನಿ. ಆದರೆ ಅಷ್ಟರಲ್ಲಿ ಖರ್ಚು ಮಾಡಿದ್ದೆಲ್ಲ ಕೂಡಿಸಿದರೆ ಹೊಸ ಫೋರ್ಕಿನ ಅರ್ಧ ಬೆಲೆ ಆಗಿತ್ತು. ಇನ್ನೂ ಒಂದು ದುಬಾರಿ ತುಂಡು ಕೊಳ್ಳೋ ಮನಸ್ಸಿರಲಿಲ್ಲ.

ಕೆಲಸಕ್ಕೆ ಬಂದದ್ದು ಅಗ್ಗದ ದಾರಿ. ಮೊದಲು ಆಕ್ಸಲ್ ತುದಿ ನೋಡಿದೆ. ಡ್ರಾಪ್‌ಔಟ್‌ನ ಹೊರಮೈಗೆ ಸ್ಕೇಲ್ ಅಡ್ಡ ಇಟ್ಟರೆ ಬಲಗಡೆ ಆಕ್ಸಲ್ ಒಂದೂವರೆ ಮಿ.ಮೀ. ಒಳಗಿತ್ತು, ಎಡಗಡೆ ಸ್ಕೇಲಿಗೇ ತಾಗ್ತಿತ್ತು. ಅಂದ್ರೆ ಎಡಗಡೆ ಸ್ಕ್ಯೂವರ್ ಒತ್ತುತ್ತಿದ್ದದ್ದು ಡ್ರಾಪ್‌ಔಟನ್ನಲ್ಲ, ಆಕ್ಸಲ್ ಮೂತಿಯನ್ನ. ಲಿವರ್ ಎಷ್ಟು ಬಿಗಿಯಿದ್ದರೆ ಏನು ಬಂತು? ಲಾಕ್‌ನಟ್ ಬಿಚ್ಚಿ ಆಕ್ಸಲ್ಲನ್ನ ನಡುವಿಗೆ ತಂದೆ, ಅರ ಹಿಡಿದು ತುದಿಯನ್ನೂ ಸ್ವಲ್ಪ ಸವೆಸಿದೆ. ಎರಡೂ ಕಡೆ ಒಂದು ಮಿ.ಮೀ. ಒಳಗೆ ಬಂತು. ಕೋನನ್ನ ಈ ಸಲ ಒಂಚೂರು ಆಟ ಇರೋ ಹಾಗೆ ಬಿಟ್ಟೆ, ಲಿವರ್ ಮುಚ್ಚಿದಾಗ ಆ ಆಟ ಸರಿಯಾಗಿ ಸತ್ತುಹೋಗೋ ಅಷ್ಟು. ಇದನ್ನ ನೋಡದೆ ಸ್ಕ್ಯೂವರ್ ಮೇಲೆ ಸ್ಕ್ಯೂವರ್ ಕೊಳ್ಳೋರು ತುಂಬ ಜನ.

ಎರಡನೇದು ಬಣ್ಣ. ಒಂದೊಂದು ಮೈ ಮೇಲೆ ಹತ್ತನೇ ಒಂದು ಮಿ.ಮೀ. ಅಂದ್ಕೊಂಡರೂ ಎರಡು ಡ್ರಾಪ್‌ಔಟಿನ ನಾಲ್ಕು ಮೈ ಸೇರಿ ಅರ್ಧ ಮಿ.ಮೀ. ಹತ್ತಿರ ಮೆತ್ತನೆ ಪದರ. ಕ್ಯಾಮ್ ಎಳೆಯೋದೇ ಒಂದೆರಡು ಮಿ.ಮೀ. ಬಣ್ಣ ಕುಸಿದಷ್ಟೂ ಬಿಗಿ ಹೋಯ್ತು ಅಂತ ಲೆಕ್ಕ. ನಾಲ್ಕೂ ಮೈಯನ್ನ ಲೋಹ ಕಾಣೋವರೆಗೆ ಕೆರೆದೆ, ಅರದಲ್ಲಿ ಅಲ್ಲ, ಚಪ್ಪಟೆ ಪಟ್ಟಿಗೆ ಎಮರಿ ಸುತ್ತಿ. ತುಟಿಗಳನ್ನ ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಚಕ್ರ ಬೇಗ ತೆಗೆಯೋಕೆ ಅಂತ ಅದನ್ನ ಅರದಲ್ಲಿ ಉಜ್ಜಿ ಹಾಕೋರಿಗೆ ಡಿಸ್ಕ್ ಬ್ರೇಕ್ ಕೊಡಲೇಬಾರದು. ಕೆರೆದ ಮೈಗೆ ತುಕ್ಕು ಬರದಿರೋಕೂ ಹಲ್ಲು ಕಚ್ಚೋಕೂ ಸೇರಿ ನಾನೊಂದು ಕೆಲಸ ಮಾಡ್ತೀನಿ. ಅದನ್ನ ಇಲ್ಲಿ ಬರೆಯಲ್ಲ. ಎಣ್ಣೆ ಗ್ರೀಸ್ ಅಂತೂ ಅಲ್ಲ, ಅವು ಕ್ಯಾಮ್ ಒಳಗೆ ಮಾತ್ರ.

ಮೂರನೇದು ಸ್ಕ್ಯೂವರ್. ಮುಚ್ಚಿದ ಕ್ಯಾಮ್, ಸ್ಟೀಲ್ ಸರಳು, ಎರಡೂ ಮುಖದಲ್ಲಿ ಚೂಪಾದ ಸ್ಟೀಲ್ ಹಲ್ಲು. ಶಿಮಾನೋದ ಹಳೇ ಸಾದಾ ಹಬ್ಬಿನ ಜೊತೆ ಬರ್ತಿದ್ದಂಥದ್ದು. ಯಾರೋ ಬಿಸಾಕೋಕೆ ಇಟ್ಟಿದ್ದು, ಹೆಚ್ಚುಕಮ್ಮಿ ಪುಕ್ಕಟೆ ಸಿಕ್ತು. ತೂಕ ಜಾಸ್ತಿ, ಚೆಂದವೂ ಇಲ್ಲ. ಇಟಲಿಯ ಕಾಂಪಾನ್ಯೋಲೋ 1930ರ ಸುಮಾರಿಗೆ ತಂದ ಕ್ವಿಕ್ ರಿಲೀಸ್ ಅನ್ನೋ ಆ ಹಳೇ ಜಾಣತನಕ್ಕೆ ಇದಕ್ಕಿಂತ ಹೆಚ್ಚಿನ ಒಪ್ಪ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಲಿವರ್ ಬಲಗಡೆ. ಎಡಗಡೆ ಇಟ್ಟರೆ ಬಿಸಿ ರೋಟರಿಗೆ ಬೆರಳು ತಾಗೋದು ಒಂದು ಕಡೆಗಿರಲಿ, 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ ವಾಪಸ್ ಕರೆದದ್ದು ಯಾಕೆ ಅಂತ ನೆನಪಿಸಿಕೊಳ್ಳಿ: ಪೂರ್ತಿ ತೆರೆದುಕೊಂಡ ಲಿವರ್ ರೋಟರಿಗೆ ಸಿಕ್ಕಿಹಾಕಿಕೊಳ್ಳೋ ಅಪಾಯ. ತೆರೆದ ಲಿವರಿಗೂ ರೋಟರಿಗೂ 6 ಮಿ.ಮೀ. ಜಾಗ ಇಲ್ಲದಿದ್ದರೆ ಅದು ಬೇಡವೇ ಬೇಡ. ಸೈಕಲ್ ನೆಲದ ಮೇಲೆ ನಿಂತಿರುವಾಗ, ಹ್ಯಾಂಡಲ್ ಮೇಲೆ ಭಾರ ಹಾಕಿ ಮುಚ್ಚಿ. ಲಿವರ್ ಹಬ್ಬಿಗೆ ನೇರ ನಿಂತಲ್ಲಿಂದಲೇ ತಡೆ ಸಿಗಬೇಕು, ಮುಚ್ಚಿದಾಗ ಅಂಗೈಯಲ್ಲಿ ಗುರುತು ಉಳಿಯಬೇಕು.

ಹಲ್ಲು ಲೋಹಕ್ಕೆ ಮೊದಲ ಸಲ ಕಚ್ಚುವಾಗ ಸ್ವಲ್ಪ ಕುಸಿಯುತ್ತೆ. ಅದಕ್ಕೆ ಮುಂದಿನ ಚಕ್ರದ ಬ್ರೇಕ್ ಹಿಡಿದು ಸೈಕಲನ್ನ ಜೋರಾಗಿ ಮುಂದಕ್ಕೆ ತಳ್ಳೋದು, ಹಿಂದಕ್ಕೆ ಎಳೆಯೋದು, ಲಿವರ್ ಬಿಚ್ಚಿ ನಟ್ಟನ್ನ ಒಂಚೂರು ತಿರುಗಿಸಿ ಮತ್ತೆ ಮುಚ್ಚೋದು. ಮೊದಲೆಲ್ಲ ತಳ್ಳಿದಾಗ ಎಡಗಡೆಯಿಂದ ಟಿಕ್ ಅಂತ ಬರ್ತಿದ್ದ ಸದ್ದು ಈಗ ಸುಳಿವೇ ಇಲ್ಲ. ಎಷ್ಟು ಸಲ, ಯಾವ ಕ್ರಮದಲ್ಲಿ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಕಿವಿ ಇದ್ದವರಿಗೆ ತಾನಾಗೇ ಸಿಗುತ್ತೆ. ಆಮೇಲೆ ಬಿಳಿ ಪೇಂಟ್ ಪೆನ್ನಲ್ಲಿ ಗೆರೆ.

ನಡುವೆ ರೋಟರಿನ ವಿಷಯಕ್ಕೂ ಕೈ ಹಾಕಿದ್ದೆ. ದೊಡ್ಡ ರೋಟರ್ ಹಾಕಿದರೆ ಚಕ್ರ ಇನ್ನೂ ಬೇಗ ಕಳಚುತ್ತೆ ಅಂತ ಎಲ್ಲರ ನಂಬಿಕೆ. ಲೆಕ್ಕ ಉಲ್ಟಾ ಇದೆ. ಅಷ್ಟೇ ಎಳೆತಕ್ಕೆ 180 ಮಿ.ಮೀ. ರೋಟರಿನಲ್ಲಿ ಪ್ಯಾಡಿನ ಬಲ 190 ಕೆಜಿ ಆಸುಪಾಸಿಗೆ ಇಳಿಯುತ್ತೆ, ತ್ರಿಜ್ಯ ಜಾಸ್ತಿಯಾಯ್ತಲ್ಲ. ಗೆಳೆಯನ ಫೋರ್ಕಿನಲ್ಲಿ ಅಡಾಪ್ಟರ್ ಹಾಕಿ ನೋಡಿದೆವು, ಅವನ ಹಳೇ ಸ್ಕ್ಯೂವರಿನಲ್ಲೇ ಉಜ್ಜೋ ಸದ್ದು ಕಮ್ಮಿಯಾಯ್ತು. ಫೋರ್ಕ್ ತಯಾರಕರು 180 ಒಪ್ಪಿದ್ದಾರಾ ಅಂತ ನೋಡಿಕೊಂಡೇ ಹಾಕಬೇಕು. ನನ್ನದಕ್ಕೆ ಒಪ್ಪಿಲ್ಲ, ಹಾಗಾಗಿ 160ರಲ್ಲೇ ಇದ್ದೀನಿ. ಹಿಂದಿನ ಚಕ್ರಕ್ಕೆ ಇಷ್ಟೆಲ್ಲ ಗೋಳಿಲ್ಲ, ಅದೇ ನಮೂನೆಯ ಸ್ಕ್ಯೂವರ್ ಹಾಕಿ ಬಿಟ್ಟಿದ್ದೀನಿ.

ಇದು ನಡೆಯುತ್ತೆ ಅಂತ ಗೊತ್ತಾದ ಮೇಲೆ ಅನುಮಾನಪಟ್ಟವರೇ ಒಬ್ಬೊಬ್ಬರಾಗಿ ಸೈಕಲ್ ತಂದರು. ಸ್ಟೀಲ್ ಫೋರ್ಕಿನವು ಎಲ್ಲವೂ ಸರಿಹೋದವು. ಒಬ್ಬರದ್ದು ಕಾರ್ಬನ್ ಡ್ರಾಪ್‌ಔಟ್, ಅದನ್ನ ಕೆರೆಯೋ ಮಾತೇ ಇಲ್ಲ ಅಂತ ವಾಪಸ್ ಕಳಿಸಿದೆ. ಇನ್ನೊಬ್ಬರದ್ದು ಅಲ್ಯೂಮಿನಿಯಂ, ಹಲ್ಲು ಎಳೆದೆಳೆದು ಎಡಗಡೆ ಉಗುರು ಸಿಕ್ಕಿಕೊಳ್ಳೋವಷ್ಟು ಹಳ್ಳ ಬಿದ್ದಿತ್ತು. ಆಕ್ಸಲ್ ಹೇಗೆ ಕೂರಿಸಿದರೂ ಆ ಹಳ್ಳಕ್ಕೇ ಜಾರಿ ಇಳೀತಿತ್ತು. ಅವರಿಗೆ ಮಾತ್ರ ಥ್ರೂ ಆಕ್ಸಲ್ ಫೋರ್ಕ್ ತಗೊಳ್ಳಿ ಅಂತ ನಾನೇ ಹೇಳಿ, ಹಬ್ 15 ಮಿ.ಮೀ.ಗೆ ಬದಲಾಯಿಸೋಕೆ ಎಂಡ್‌ಕ್ಯಾಪ್ (ಹಬ್ಬಿನ ತುದಿಗೆ ಹಾಕೋ ತುಂಡು) ಸಿಗುತ್ತಾ ಅಂತ ಹುಡುಕಿಕೊಡ್ತಾ ಇದ್ದೀನಿ.