ಯೋಜನೆಯ ಅಪಾಯ ವರದಿಯನ್ನು ಬರೆಯುವ ಬಗೆ

ಅಪಾಯ ವರದಿ ಬರೆಯಲು ಕುಳಿತವರು ಮೊದಲು ಕಣ್ಣಾರೆ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಸಾಲುಗಳಲ್ಲಿ ಬರೆಯಬೇಕು. 'ಸಿಮೆಂಟ್ ಸರಬರಾಜಿನಲ್ಲಿ ತೊಂದರೆಯಾಗಬಹುದು' ಎಂಬ ವಾಕ್ಯದಿಂದ ಮೇಲಧಿಕಾರಿಗೆ ಏನೂ ತಿಳಿಯುವುದಿಲ್ಲ. 'ಕಳೆದ ಮೂರು ಲೋಡುಗಳಲ್ಲಿ ಎರಡು ತಡವಾಗಿ ಬಂದಿವೆ, ದಾಸ್ತಾನು ಆರು ದಿನಕ್ಕಷ್ಟೇ ಸಾಕು, ಮುಂದಿನದೂ ತಡವಾದರೆ ಚಾವಣಿಯ ಕೆಲಸ ನಿಲ್ಲುತ್ತದೆ' ಎಂದು ಬರೆದರೆ ಕಾರಣ, ಘಟನೆ, ಪರಿಣಾಮ ಮೂರೂ ಸ್ಪಷ್ಟವಾಗುತ್ತವೆ, ತೀರ್ಮಾನಕ್ಕೆ ಎಷ್ಟು ಸಮಯವಿದೆ ಎಂಬುದೂ ತಿಳಿಯುತ್ತದೆ.

ಅಂಕಿಅಂಶ ಕೊಡುವಾಗ ತೊಂದರೆಯಾದ ಸಂದರ್ಭಗಳ ಜೊತೆಗೆ ಆಗದಿದ್ದ ಸಂದರ್ಭಗಳನ್ನೂ ಸೇರಿಸಿ. ಈ ಒಂದು ಮಾತಿಗೆ ನಾನು ಹೆಚ್ಚು ಒತ್ತು ಕೊಡುತ್ತೇನೆ. 1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಸಿಡಿದು ಏಳು ಜನ ಗಗನಯಾತ್ರಿಗಳು ತೀರಿಕೊಂಡರು. ಬೂಸ್ಟರ್ ರಾಕೆಟ್ಟಿನ ಕೀಲುಗಳನ್ನು ಮುಚ್ಚುವ ರಬ್ಬರ್ ಉಂಗುರಗಳು ಕೈಕೊಟ್ಟರೆ ಜೀವಹಾನಿಯಾದೀತು ಎಂದು ಎಂಜಿನಿಯರ್ ರೋಜರ್ ಬೋಜೊಲೆ 1985ರ ಜುಲೈನಲ್ಲೇ ಬರೆದು ಎಚ್ಚರಿಸಿದ್ದರು, ಉಡಾವಣೆಯ ಹಿಂದಿನ ರಾತ್ರಿ ಅವರೂ ಸಹೋದ್ಯೋಗಿಗಳೂ ಚಳಿಗೆ ಉಂಗುರಗಳು ಗಡುಸಾಗಿ ಕೀಲನ್ನು ಬೇಗ ಮುಚ್ಚಲಾರವು, ಹಾರಾಟ ಬೇಡವೆಂದು ವಾದಿಸಿದ್ದರು. ಉಂಗುರಕ್ಕೆ ಹಾನಿಯಾದ ಹಾರಾಟಗಳನ್ನು ಮಾತ್ರ ನೋಡಿದರೆ, ಹಾನಿ 12 ಡಿಗ್ರಿ ಸೆಲ್ಸಿಯಸ್‌ನಲ್ಲೂ ಆಗಿತ್ತು, 24ರಲ್ಲೂ ಆಗಿತ್ತು. ಚಳಿಗೂ ಹಾನಿಗೂ ನಂಟಿಲ್ಲವೆಂದು ಯಾರಿಗಾದರೂ ತೋರುವಂತಿತ್ತು. ತನಿಖಾ ಆಯೋಗವು ಹಾನಿಯಾಗದ ಹಾರಾಟಗಳನ್ನೂ ಸೇರಿಸಿದಾಗ ಚಿತ್ರವೇ ಬದಲಾಯಿತು: ಸುಮಾರು 19 ಡಿಗ್ರಿ ಮತ್ತು ಅದಕ್ಕೂ ಹೆಚ್ಚಿನ ತಾಪಮಾನದ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಹಾನಿಯಾಗಿದ್ದರೆ, ಸುಮಾರು 17 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದ ನಾಲ್ಕರಲ್ಲೂ ಆಗಿತ್ತು. ಆ ಬೆಳಿಗ್ಗೆ ಉಡಾವಣಾ ಸ್ಥಳದಲ್ಲಿದ್ದ ತಾಪಮಾನ ಕೇವಲ 2 ಡಿಗ್ರಿ.

ವರದಿ ಮೇಲೇರಿದಂತೆ ಮೆದುವಾಗುತ್ತದೆ ಎಂಬುದನ್ನು ಗಮನದಲ್ಲಿಡಿ. ಎಂಜಿನಿಯರುಗಳು ನೌಕೆ ಕೈಕೊಡುವ ಸಂಭವವನ್ನು ನೂರರಲ್ಲಿ ಒಂದರ ಆಸುಪಾಸಿನಲ್ಲಿ ಅಂದಾಜಿಸಿದ್ದರೆ, ಆಡಳಿತದ ಅಂದಾಜು ಲಕ್ಷದಲ್ಲಿ ಒಂದಾಗಿತ್ತೆಂದು ಆಯೋಗದ ಸದಸ್ಯ ರಿಚರ್ಡ್ ಫೈನ್‌ಮನ್ ದಾಖಲಿಸಿದ್ದಾರೆ. ನಮ್ಮ ಕಚೇರಿಗಳಲ್ಲೂ ಸೈಟಿನ ಎಂಜಿನಿಯರ್ ಕೆಂಪೆಂದು, ಅಂದರೆ ಹೆಚ್ಚಿನ ಅಪಾಯವೆಂದು, ಗುರುತಿಸಿದ್ದು ಮಾಸಿಕ ಸಭೆಯ ಹೊತ್ತಿಗೆ ಹಳದಿ, ಅಂದರೆ ಮಧ್ಯಮ ಅಪಾಯ, ಆಗಿರುತ್ತದೆ. ಆದ್ದರಿಂದ ಸಾರಾಂಶದ ಜೊತೆ ಮೂಲ ಟಿಪ್ಪಣಿಯನ್ನೂ ಲಗತ್ತಿಸಿ, ಬಣ್ಣ ಬದಲಿಸಿದವರು ಯಾರು, ಯಾವ ಹೊಸ ಸಂಗತಿಯನ್ನು ಆಧರಿಸಿ ಬದಲಿಸಿದರು ಎಂಬುದನ್ನು ದಿನಾಂಕದೊಂದಿಗೆ ಬರೆಯಿರಿ. ಹೊಸ ಸಂಗತಿಯೇನೂ ಇಲ್ಲದಿದ್ದರೆ ಬಣ್ಣ ಕೆಂಪಾಗಿಯೇ ಉಳಿಯಲಿ. ಸಭೆಯಲ್ಲಿ ಒಪ್ಪದವರ ಮಾತನ್ನು ಅವರದೇ ಪದಗಳಲ್ಲಿ ನಡಾವಳಿಗೆ ಸೇರಿಸಿ.

ಹಿಂದಿನ ಬಾರಿ ಏನೂ ಆಗಲಿಲ್ಲವೆಂಬುದನ್ನು ಸುರಕ್ಷತೆಯ ಪುರಾವೆಯಾಗಿ ಬರೆಯಬೇಡಿ. ಉಂಗುರಗಳು ಸುಟ್ಟರೂ ನೌಕೆಗಳು ಕ್ಷೇಮವಾಗಿ ಮರಳುತ್ತಿದ್ದುದರಿಂದಲೇ ಆ ಹಾನಿ ಸಹಜವೆನಿಸಿತ್ತು.

ಅಪಾಯವನ್ನು ಹಿಗ್ಗಿಸಿ ಬರೆಯುವುದೂ ಅಷ್ಟೇ ತಪ್ಪು. ಎಲ್ಲ ಸಾಲುಗಳೂ ಕೆಂಪಾಗಿದ್ದರೆ ಓದುವವರು ಯಾವುದನ್ನೂ ನಂಬುವುದಿಲ್ಲ. ನಿಮ್ಮ ಅಂದಾಜು ತಪ್ಪಿದ್ದು ತಿಳಿದ ದಿನವೇ ತಿದ್ದುಪಡಿ ಕಳುಹಿಸಿ, ಹಳೆಯ ಸಾಲನ್ನು ಅಳಿಸದೆ ಅದರ ಕೆಳಗೆ ಹೊಸದನ್ನು ಬರೆಯಿರಿ.