ವೈಸ್‌ನಿಂದ ಶುರುವಾಗುವ ಟೂಲ್‌ಪಾತ್

ಬೆಂಗಳೂರಿನ ಪೀಣ್ಯದ ಕಡೆ ಜಾಬ್ ವರ್ಕ್ (ಬೇರೆಯವರ ಡ್ರಾಯಿಂಗ್‌ಗೆ ಪೀಸ್ ಕಡಿದುಕೊಡುವ ಕೆಲಸ) ಮಾಡುವವರಿಗೆ ಈಗ ಡ್ರಾಯಿಂಗ್ ಜೊತೆಗೆ ಸ್ಟೆಪ್ ಫೈಲ್ (ಪೀಸ್‌ನ 3ಡಿ ಮಾಡೆಲ್) ಕೂಡ ವಾಟ್ಸಾಪ್‌ನಲ್ಲೇ ಬಂದುಬಿಡುತ್ತದೆ. ಅದನ್ನು ಫ್ಯೂಷನ್ ಅನ್ನುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ತೆರೆದು, ಪಾಕೆಟ್ (ಒಳಗೆ ತೋಡಬೇಕಾದ ಗುಂಡಿ) ಆರಿಸಿ, ಅಡಾಪ್ಟಿವ್ ಕ್ಲಿಯರಿಂಗ್ (ಟೂಲ್ ಮೇಲೆ ಲೋಡ್ ಒಂದೇ ಸಮ ಇಡುವ ವಿಧಾನ) ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಟೂಲ್‌ಪಾತ್, ಅಂದರೆ ಟೂಲ್ ಸಾಗುವ ದಾರಿ, ರೆಡಿ. ನಾನು ಮಾತ್ರ ಅಲ್ಲಿಂದ ಶುರು ಮಾಡುವುದಿಲ್ಲ. ಕೊನೆಯ ಕಟ್ ಮುಗಿಯುವ ತನಕ ಈ ಪೀಸನ್ನು ಯಾವುದು ಹಿಡಿದುಕೊಂಡಿರುತ್ತದೆ? ಮೊದಲು ಅದು ತೀರ್ಮಾನ ಆಗಬೇಕು. ಗೆರೆ ಎಳೆಯುವುದು ಆಮೇಲೆ.

ಇತ್ತೀಚೆಗೆ ಮಾಡಿದ ಒಂದು ಜಾಬ್ ಇಟ್ಟುಕೊಂಡೇ ಹೇಳುತ್ತೇನೆ. ಎಲೆಕ್ಟ್ರಾನಿಕ್ಸ್ ಕೂರಿಸುವ ಅಲ್ಯೂಮಿನಿಯಂ ಡಬ್ಬ. 120 × 80 × 30 ಮಿ.ಮೀ. ಒಳಗೆ 25 ಮಿ.ಮೀ ಆಳದ ಪಾಕೆಟ್, ಸುತ್ತ 2 ಮಿ.ಮೀ ಗೋಡೆ, ಮೂಲೆಗಳಲ್ಲಿ ಆರ್5, ಅಂದರೆ 5 ಮಿ.ಮೀ ರೇಡಿಯಸ್. ನೋಡುವುದಕ್ಕೆ ಏನೂ ಇಲ್ಲ ಅನ್ನಿಸುತ್ತದೆ. ಆದರೆ ಒಳಗಿನ ಲೋಹವೆಲ್ಲ ಹೋದ ಮೇಲೆ ಆ ಗೋಡೆ ಪೀಸ್ ಹಿಡಿಯುವ ವೈಸ್‌ನ ಒತ್ತಡ ತಡೆಯುವುದಿಲ್ಲ, ಟೂಲ್ ತಗುಲಿದರೆ ತಮಟೆಯ ಹಾಗೆ ಅದುರುತ್ತದೆ.

ಮೆಟೀರಿಯಲ್ 6061-ಟಿ651 ಅಲ್ಯೂಮಿನಿಯಂ ಪ್ಲೇಟ್ ತರಿಸಿದೆ. ಟಿ651 ಅಂದರೆ ಪ್ಲೇಟನ್ನು ಎಳೆದು ಒಳಗಿನ ಸ್ಟ್ರೆಸ್ ತಗ್ಗಿಸಿರುತ್ತಾರೆ. ಹೀಗೆ ಎಳೆಯದ ಬರೀ ಟಿ6 ತಂದು ಹೊಟ್ಟೆ ಖಾಲಿ ಮಾಡಿದರೆ ಪೀಸ್ ಬಾಗುವ ಸಾಧ್ಯತೆ ಜಾಸ್ತಿ. ದಪ್ಪ 36 ಮಿ.ಮೀ ಇಟ್ಟುಕೊಂಡೆ. ಕೆಳಗಿನ 5 ಮಿ.ಮೀ ವೈಸ್‌ಗೆ. ಹೊರಗಿನ ಸುತ್ತು, ಪಾಕೆಟ್, ತೂತು ಎಲ್ಲ ಒಂದೇ ಸೆಟಪ್‌ನಲ್ಲಿ ಮೇಲಿನಿಂದ. ಆಮೇಲೆ ಪೀಸ್ ತಿರುಗಿಸಿ, ಉಳಿದ ತಳವನ್ನು ಫೇಸ್ ಮಾಡಿ (ಸಮತಟ್ಟಾಗಿ ಕಡಿದು) ತೆಗೆಯುವುದು. ಹೀಗೆ ಮಾಡಿದರೆ ಅಳತೆ ಮುಖ್ಯವಾದ ಜಾಗಗಳೆಲ್ಲ ಒಂದೇ ಹಿಡಿತದಲ್ಲಿ ಫಿನಿಶ್ ಆಗುತ್ತವೆ, ಪಾಕೆಟ್ ತೆಗೆಯುವಾಗ ಕೆಳಗೆ ಗಟ್ಟಿ ತಳವೂ ಇರುತ್ತದೆ.

ಇಷ್ಟಾದ ಮೇಲೆ ಟೂಲ್. ರಫಿಂಗ್‌ಗೆ (ಮೊದಲ ಒರಟು ಕಡಿತಕ್ಕೆ) 10 ಮಿ.ಮೀ ಕಾರ್ಬೈಡ್ ಎಂಡ್ ಮಿಲ್, 3 ಫ್ಲೂಟ್, ಅಂದರೆ ಮೂರು ಹಲ್ಲು. ನಮ್ಮ ವಿಎಂಸಿಯ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಸ್ಪಿಂಡಲ್ ಹೆಚ್ಚೆಂದರೆ 8000 ಆರ್‌ಪಿಎಂ ತಿರುಗುತ್ತದೆ. ಆ ವೇಗದಲ್ಲಿ ಕಟಿಂಗ್ ಸ್ಪೀಡ್ ನಿಮಿಷಕ್ಕೆ ಸುಮಾರು 250 ಮೀಟರ್. ಅಲ್ಯೂಮಿನಿಯಂಗೆ ಇದು ಜಾಸ್ತಿಯೇನಲ್ಲ, ಹಾಗಾಗಿ ಸ್ಪಿಂಡಲನ್ನು ಪೂರ್ತಿ ಓಡಿಸುತ್ತೇನೆ. ಹಲ್ಲಿಗೆ 0.08 ಮಿ.ಮೀ ಇಟ್ಟರೆ ಫೀಡ್ (ಟೂಲ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1920 ಮಿ.ಮೀ ಬರುತ್ತದೆ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಟೂಲ್ ಪಕ್ಕಕ್ಕೆ ಬರೀ 1.5 ಮಿ.ಮೀ ಕಚ್ಚುತ್ತಿದ್ದರೆ ಚಿಪ್ ನಾವು ಅಂದುಕೊಂಡಷ್ಟು ದಪ್ಪ ಇರುವುದಿಲ್ಲ. 10 ಮಿ.ಮೀ ಟೂಲ್‌ಗೆ 15 ಪರ್ಸೆಂಟ್ ಕಚ್ಚಿದಾಗ ಅದು ಸುಮಾರು 0.7 ಪಾಲಿಗೆ ಇಳಿಯುತ್ತದೆ. 0.08 ಅಂತ ಕೊಟ್ಟಿದ್ದು 0.057 ಆಗಿಬಿಡುತ್ತದೆ. ತೀರಾ ತೆಳುವಾದರೆ ಅಂಚು ಕತ್ತರಿಸುವ ಬದಲು ಉಜ್ಜುತ್ತದೆ, ಬಿಸಿ ಏರುತ್ತದೆ, ಅಲ್ಯೂಮಿನಿಯಂ ಫ್ಲೂಟ್‌ಗೆ ಅಂಟುತ್ತದೆ. ಹಾಗಾಗಿ ಫೀಡ್ 2600ರ ಮೇಲೆ ಕೊಟ್ಟೆ. ಆಪರೇಟರ್ ನೋಡಿ "ಸಾರ್, ಇಷ್ಟೊಂದು ಫೀಡಾ?" ಅಂದ. ಚಿಪ್ ಕೈಗೆ ತೆಗೆದುಕೊಟ್ಟು ನೋಡು ಅಂದೆ. ಸರಿಯಾಗಿ ಸುರುಳಿಯಾಗಿ, ಒಂದೇ ದಪ್ಪಕ್ಕೆ ಬಂದಿತ್ತು.

ಅಡಾಪ್ಟಿವ್ ಯಾಕೆ ಬೇಕು ಅನ್ನುವುದಕ್ಕೆ ಮೂಲೆಯೇ ಉತ್ತರ. 1.5 ಮಿ.ಮೀ ಸ್ಟೆಪ್‌ಓವರ್‌ನಲ್ಲಿ (ಪಕ್ಕಕ್ಕೆ ಕಚ್ಚುವ ಅಳತೆ) ನೇರ ಗೋಡೆ ಉದ್ದಕ್ಕೂ ಟೂಲ್‌ನ ಸುತ್ತಳತೆಯಲ್ಲಿ ಸುಮಾರು 45 ಡಿಗ್ರಿಯಷ್ಟು ಭಾಗ ಲೋಹದಲ್ಲಿರುತ್ತದೆ. ಅದೇ ಟೂಲ್ ಚೌಕ ಮೂಲೆಗೆ ಹೊಕ್ಕಾಗ ಆ ಭಾಗ 135 ಡಿಗ್ರಿ ತನಕ ಹೋಗುತ್ತದೆ. ಮೂರು ಪಟ್ಟು! ಹಳೆಯ ಪಾಕೆಟ್ ಟೂಲ್‌ಪಾತ್‌ನಲ್ಲಿ ಮೂಲೆಗೆ ಬಂದಾಗಲೆಲ್ಲ ಟೂಲ್ ಕಿರುಚುವುದು ಇದಕ್ಕೇ. ಅಡಾಪ್ಟಿವ್ ಮೂಲೆಯನ್ನು ಸಣ್ಣ ಸಣ್ಣ ಕಮಾನುಗಳಲ್ಲಿ ಸವೆಸಿಕೊಂಡು ಹೋಗುತ್ತದೆ, ಲೋಡ್ ಒಂದೇ ಸಮ ಇರುತ್ತದೆ. ಹಾಗಾಗಿಯೇ ಆಳವಾಗಿ ಇಳಿಯುವ ಧೈರ್ಯ ಬರುತ್ತದೆ. ಒಳಗೆ ಸುರುಳಿಯಾಗಿ ಇಳಿಯುವುದಕ್ಕೆ ಹೆಲಿಕಲ್ ರ‍್ಯಾಂಪ್, 2 ಡಿಗ್ರಿ. ನೇರ ಚುಚ್ಚಿಸುವುದಿಲ್ಲ.

ರಫಿಂಗ್‌ನಲ್ಲಿ 10 ಮಿ.ಮೀ ಟೂಲ್ ಆರ್5 ಮೂಲೆಯಲ್ಲಿ ಸ್ವಲ್ಪ ಲೋಹ ಬಿಡುತ್ತದೆ. ಫಿನಿಶ್‌ಗೂ (ಕೊನೆಯ ನಯ ಕಡಿತಕ್ಕೂ) ಅದೇ ಟೂಲ್ ಹಾಕಿದರೆ ಅದರ ರೇಡಿಯಸ್ಸೂ ಮೂಲೆಯ ರೇಡಿಯಸ್ಸೂ ಒಂದೇ. ಅಲ್ಲಿ ಟೂಲ್ ಒಂದು ಕ್ಷಣ ನಿಂತು ದಿಕ್ಕು ಬದಲಿಸುತ್ತದೆ, ಗೆರೆ ಬೀಳುತ್ತದೆ. ಫಿನಿಶ್‌ಗೆ 8 ಮಿ.ಮೀ ಹಾಕಿದರೆ ಟೂಲ್ ಮೂಲೆಯನ್ನು ನಿಲ್ಲದೆ ಸುತ್ತಿ ಬರುತ್ತದೆ. 8 ಮಿ.ಮೀ ಟೂಲನ್ನು ಅದನ್ನು ಹಿಡಿಯುವ ಹೋಲ್ಡರ್‌ನಿಂದ ಎಷ್ಟು ಬೇಕೋ ಅಷ್ಟೇ ಹೊರಗೆ ಬಿಡಬೇಕು. ಹೊರಗಿನ ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಹೋಲ್ಡರ್ ಗೋಡೆಗೆ ತಗುಲುತ್ತದೋ ಇಲ್ಲವೋ ನೋಡುವುದಕ್ಕೆ ಸಾಫ್ಟ್‌ವೇರ್‌ನ ಟೂಲ್ ಲೈಬ್ರರಿಯಲ್ಲಿ ಹೋಲ್ಡರ್ ಕೂಡ ಸರಿಯಾದ ಅಳತೆಗೆ ಬರೆದಿರಬೇಕು.

ರಫಿಂಗ್‌ನಲ್ಲಿ ಗೋಡೆಗೆ 0.3, ತಳಕ್ಕೆ 0.2 ಮಿ.ಮೀ ಲೋಹ ಬಿಟ್ಟೆ. ರಫಿಂಗ್‌ಗೂ ಫಿನಿಶಿಂಗ್‌ಗೂ ನಡುವೆ ಒಂದು ಎಂ00 (ಪ್ರೋಗ್ರಾಂ ನಿಲ್ಲಿಸುವ ಕೋಡ್) ಹಾಕಿದೆ. ಈ ಜಾಬ್ ನಿಂತಿದ್ದೇ ಅದರ ಮೇಲೆ. ಅಲ್ಲಿಗೆ ಬಂದಾಗ ಟೂಲ್ ಮೇಲಕ್ಕೆ ಹೋಗಿ, ಸ್ಪಿಂಡಲ್ ಮತ್ತು ಕೂಲೆಂಟ್ ಆಫ್ ಆಗಿ ಮೆಷಿನ್ ನಿಲ್ಲುತ್ತದೆ. ಆಪರೇಟರ್ ವೈಸ್ ಸಡಿಲಿಸುತ್ತಾನೆ. ಲೋಹ ಹೋದ ಮೇಲೆ ಪೀಸ್ ಎಷ್ಟು ಬಾಗಬೇಕೋ ಅಷ್ಟು ಬಾಗಿಕೊಳ್ಳುತ್ತದೆ. ಆಮೇಲೆ ಸ್ಟಾಪರ್‌ಗೆ ತಾಗಿಸಿ ಹಗುರವಾಗಿ ಮತ್ತೆ ಹಿಡಿಯುವುದು. ಜಾಗ ಕೂದಲೆಳೆಯಷ್ಟು ಬದಲಾದರೂ ಚಿಂತೆ ಇಲ್ಲ. ಹೊರಗಿನ ಸುತ್ತು, ಪಾಕೆಟ್, ತೂತು, ಎಲ್ಲದರ ಫಿನಿಶ್ ಇದಾದ ಮೇಲೇ ಇಟ್ಟಿದ್ದೇನೆ. ಒಂದಕ್ಕೊಂದರ ಸಂಬಂಧ ಕೆಡುವುದಿಲ್ಲ. ಸಾಮಾನ್ಯವಾಗಿ ಸಾಫ್ಟ್‌ವೇರ್ ಇದನ್ನು ತಾನಾಗಿ ಸೂಚಿಸುವುದಿಲ್ಲ, ನಾವೇ ಹಾಕಬೇಕು.

ಎರಡನೇ ಸೆಟಪ್‌ಗೆ ಸಾಫ್ಟ್ ಜಾ, ಅಂದರೆ ಪೀಸ್‌ನ ಆಕಾರಕ್ಕೆ ಕಡಿದುಕೊಳ್ಳುವ ವೈಸ್‌ನ ಮೆದು ದವಡೆ. ಪೀಸ್ ಬೋರಲು ಕೂರುತ್ತದೆ, ಗಟ್ಟಿ ತಳ ಮೇಲೆ, ತೆಳು ಗೋಡೆ ಕೆಳಗೆ. ಜಾ ಪೂರ್ತಿ ಎತ್ತರಕ್ಕೆ ತಾಗಿದರೆ ಗೋಡೆ ಒಳಕ್ಕೆ ಬಾಗುತ್ತದೆ. ಅದಕ್ಕೆ ಜಾದಲ್ಲಿ ಕೆಳಭಾಗವನ್ನು ಸ್ವಲ್ಪ ಹಿಂದಕ್ಕೆ ಕಡಿದು, ತಳದ ಮಟ್ಟದಲ್ಲಿ ಮಾತ್ರ ಒಂದು ಪಟ್ಟಿ ತಾಗುವ ಹಾಗೆ ಮಾಡಿದೆ. ಒತ್ತಡವೆಲ್ಲ 5 ಮಿ.ಮೀ ತಳದ ಮೇಲೆ. ಸಾಫ್ಟ್ ಜಾ ಕಡಿಯುವಾಗಲೂ ನಡುವೆ ಒಂದು ತುಂಡು ಇಟ್ಟು, ಪೀಸ್ ಹಿಡಿಯುವಷ್ಟೇ ಬಿಗಿ ಮಾಡಿಯೇ ಕಡಿಯಬೇಕು, ಸುಮ್ನೆ ಖಾಲಿ ಬಿಟ್ಟು ಕಡಿದರೆ ಅಳತೆ ಕೂರುವುದಿಲ್ಲ.

ಸಿಮ್ಯುಲೇಶನ್ ನೋಡುವಾಗ ವೈಸ್ ಮತ್ತು ಜಾ ಮಾಡೆಲ್ ಒಳಗೆ ಇರಲೇಬೇಕು. ಇಲ್ಲದ ವೈಸ್‌ಗೆ ಟೂಲ್ ಡಿಕ್ಕಿ ಹೊಡೆದರೂ ಸ್ಕ್ರೀನ್‌ನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ, ಅಲ್ವಾ? ಇನ್ನೊಂದು ವಿಷಯ. ಎಷ್ಟೋ ಫ್ಯಾನಕ್ ಕಂಟ್ರೋಲರ್ ಇರುವ ಮೆಷಿನ್‌ಗಳಲ್ಲಿ ಜಿ0 (ಕಡಿಯದೆ ವೇಗವಾಗಿ ಸಾಗುವ ಚಲನೆ) ಸೀದಾ ಗೆರೆಯಲ್ಲಿ ಹೋಗುವುದಿಲ್ಲ. ಪ್ರತಿ ಆಕ್ಸಿಸ್ ತನ್ನ ಪೂರ್ತಿ ವೇಗದಲ್ಲಿ ಹೊರಟು, ದೂರ ಕಡಿಮೆ ಇರುವುದು ಮೊದಲು ಮುಗಿಸುತ್ತದೆ. ದಾರಿ ಮುರಿದ ಕೋಲಿನ ಆಕಾರ ಆಗುತ್ತದೆ. ಸ್ಕ್ರೀನ್‌ನಲ್ಲಿ ಸೀದಾ ಗೆರೆ ಕಂಡಿರುತ್ತದೆ. ಕ್ಲ್ಯಾಂಪ್‌ಗಳ ಪಕ್ಕದಲ್ಲಿ ಹಾದುಹೋಗುವ ಜಿ0 ಇದ್ದರೆ ಕ್ಲಿಯರೆನ್ಸ್ ಎತ್ತರ ಅವುಗಳಿಗಿಂತ ಮೇಲೆ ಇಟ್ಟುಬಿಡುತ್ತೇನೆ. ಒಂದೆರಡು ಸೆಕೆಂಡ್ ಹೋದರೆ ಹೋಗಲಿ.

ಪೋಸ್ಟ್ ಆದ (ಮೆಷಿನ್ ಕೋಡ್‌ಗೆ ಬದಲಾದ) ಪ್ರೋಗ್ರಾಂನಲ್ಲಿ ಪ್ರತಿ ಟೂಲ್‌ನ ಮೊದಲ ಸಾಲುಗಳನ್ನು ಕಣ್ಣಲ್ಲೇ ಓದುತ್ತೇನೆ: ಜಿ54 (ಪೀಸ್‌ನ ಸೊನ್ನೆ ಬಿಂದು) ಸರಿ ಇದೆಯಾ, ಜಿ43ರ (ಟೂಲ್ ಉದ್ದದ ಲೆಕ್ಕ) ಜೊತೆ ಇರುವ ಎಚ್ ನಂಬರೂ ಟೂಲ್ ನಂಬರೂ ಒಂದೇನಾ. ಮೊದಲ ಪೀಸ್‌ಗೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು), ರ‍್ಯಾಪಿಡ್ 25 ಪರ್ಸೆಂಟ್, ಡಿಸ್ಟೆನ್ಸ್ ಟು ಗೋ (ಇನ್ನೂ ಸಾಗಬೇಕಾದ ದೂರ) ಮೇಲೆ ಕಣ್ಣು. ಫಿನಿಶ್ ಪಾಸ್‌ಗೆ ವೇರ್ ಕಾಂಪನ್ಸೇಶನ್ (ಟೂಲ್ ಅಳತೆಯನ್ನು ಮೆಷಿನ್‌ನಲ್ಲೇ ತಿದ್ದುವ ವ್ಯವಸ್ಥೆ) ಇಟ್ಟಿರುವುದರಿಂದ ಅಳತೆಗೆ ಕ್ಯಾಮ್‌ಗೆ ವಾಪಸ್ ಹೋಗುವ ಕೆಲಸ ಇಲ್ಲ. ಪಾಕೆಟ್ ಅಗಲ 0.04 ಕಮ್ಮಿ ಬಂದರೆ ರೇಡಿಯಸ್ ಲೆಕ್ಕದ ಮೆಷಿನ್‌ನಲ್ಲಿ ಆ ತಿದ್ದುಪಡಿ ಬರೆಯುವ ಡಿ ವೇರ್‌ಗೆ ಮೈನಸ್ 0.02 ಹಾಕಿ, ಆ ಫಿನಿಶ್ ಪಾಸನ್ನು ಇನ್ನೊಮ್ಮೆ ಓಡಿಸಿದರೆ ಸಾಕು.